ಚಪ್ಪಲಿ ಕಾದ ಟಿಬೆಟ್ಟಿನ ನಾಯಿ

ಆ ನಾಯಿ ನಿಜಕ್ಕೂ ಎಷ್ಟು ದೊಡ್ಡದಿತ್ತು ಎಂದು ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ನೆನಪಿನಲ್ಲಿ ಅದು ಕರುವಿನಷ್ಟಿದೆ. ಇನ್ನಷ್ಟು ವರ್ಷ ಕಳೆದರೆ ಎತ್ತಿನಷ್ಟಾದೀತು. ನೈರೋಬಿಯ ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಪ್ರತಿ ಮಾತ್ರೆಯನ್ನೂ ಅನುಮಾನಿಸಿ ಸಂಬಳ ಪಡೆಯುವ ನಾನು ನನ್ನ ನೆನಪಿಗೆ ಮಾತ್ರ ಯಾಕೆ ವಿನಾಯಿತಿ ಕೊಡಲಿ? ಆ ದಿನದ ಎರಡು ಸಂಗತಿಗಳನ್ನಷ್ಟೇ ಅನುಮಾನದ ಆಚೆ ಇಟ್ಟುಕೊಂಡಿದ್ದೆ: ಜಗಲಿಯ ತುಂಬ ಬಿಟ್ಟಿದ್ದ ಚಪ್ಪಲಿಗಳು ಮತ್ತು ನಾಯಿಯ ಕೊರಳ ಸರಪಳಿ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ನಮ್ಮ ಮನೆ ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ. ಅದೇ ಊರಿನ ಹರ್ಲಿಂಗ್‌ಹ್ಯಾಮಿನಲ್ಲಿ ದಂತವೈದ್ಯರಾಗಿದ್ದ ಶಿವಾನಂದರದು ಕಿಲಿಮಾನಿಯ ಹಳೆಯ ಬಂಗಲೆ. ಹಿಂದೆ ಅಲ್ಲಿದ್ದ ಪರದೇಶದ ಅಧಿಕಾರಿ ವರ್ಗವಾಗಿ ಹೋಗುವಾಗ ಟಿಬೆಟ್ಟಿನ ಕಾವಲು ನಾಯಿಯನ್ನೂ ಬಿಟ್ಟುಹೋಗಿದ್ದ. ಹೆಸರು ಲಾಮಾ. ಹಗಲೆಲ್ಲ ಬಾಗಿಲ ಪಕ್ಕದ ಕಬ್ಬಿಣದ ಬಳೆಗೆ ಅದನ್ನು ಕಟ್ಟಿರುತ್ತಿದ್ದರು. ಕೊರಳ ಸುತ್ತ ಸಿಂಹದಂಥ ಜೂಲು. ಪಟ್ಟಿ ಅದರೊಳಗೆ ಮುಳುಗಿ, ಸರಪಳಿ ಮೈಯ ಹಿಂದೆ ಮರೆಯಾಗಿ ಕಾಣಿಸುತ್ತಲೇ ಇರಲಿಲ್ಲ.

ಈ ತಳಿಯ ಚರಿತ್ರೆ ಓದಿದರೆ ನನ್ನಂಥವನಿಗೂ ಮೈ ಜುಮ್ಮೆನ್ನುತ್ತದೆ. ಮರವೂ ಬೆಳೆಯದ ಎತ್ತರದಲ್ಲಿ ಅಲೆಮಾರಿಗಳ ಡೇರೆಗಳನ್ನೂ ಮಠಗಳ ಬಾಗಿಲುಗಳನ್ನೂ ಕಾದ ವಂಶವದು. ಕತ್ತೆಯಷ್ಟು ದೊಡ್ಡದೆಂದು ಹಳೆಯ ಪ್ರವಾಸಿಯೊಬ್ಬ ಬರೆದಿಟ್ಟನಂತೆ. ಅವನ ನೆನಪೂ ನನ್ನದರಂತೆಯೇ ಬೆಳೆದಿರಬೇಕು. ಅಲ್ಲಿಯ ತೆಳುಗಾಳಿಯಲ್ಲಿ ಉಸಿರಾಡುವ ಗುಣ ಈ ನಾಯಿಗಳಿಗೆ ಬೆಟ್ಟದ ತೋಳಗಳ ರಕ್ತದಿಂದ ಬಂತೆಂದು ವಿಜ್ಞಾನಿಗಳು ಹೇಳುತ್ತಾರೆ. ಟಿಬೆಟ್ಟಿನವರು ಕರೆಯುವ ಹೆಸರಿಗೆ ‘ಕಟ್ಟಿಹಾಕಿದ ನಾಯಿ’ ಎಂದು ಅರ್ಥವಂತೆ. ತೋಳವನ್ನು ಅಟ್ಟಲು ತೋಳದ ರಕ್ತವನ್ನೇ ಬಾಗಿಲಿಗೆ ಕಟ್ಟಿಕೊಂಡ ಆ ಜನರ ಧೈರ್ಯವನ್ನು ನೆನೆಯಿರಿ, ಗೆಳೆಯರೇ.

ನಾವು ಕನ್ನಡಿಗರು ಮಾಡಿದ್ದೇನು? ಶಿವಾನಂದರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ, ಅಂಗಳಕ್ಕೆ ಹಾಕಿದ್ದ ಶಾಮಿಯಾನ ದಾಟಿ, ಅಭ್ಯಾಸದಂತೆ, ಅಂಥ ನಾಯಿಯ ಮುಂದೆಯೇ ಚಪ್ಪಲಿ ಬಿಟ್ಟು ಒಳಗೆ ನಡೆದೆವು. ತನ್ನ ಗಡಿಯೊಳಗೆ ಬಂದು ಬಿದ್ದದ್ದೆಲ್ಲ ತನ್ನ ಕಾವಲಿನ ಸೊತ್ತು ಎಂಬುದು ಅದರ ಸಾವಿರಾರು ವರ್ಷಗಳ ತಿಳಿವಳಿಕೆ. ಮೊದಲು ಹೊರಟ ಅತಿಥಿ ಚಪ್ಪಲಿಗೆ ಕೈ ಚಾಚಿದ್ದೇ ತಡ, ಲಾಮಾ ಎದ್ದು ನಿಂತಿತು.

“ಡಾಕ್ಟ್ರೇ, ದೇವಸ್ಥಾನದ ಥರ ಟೋಕನ್ ಕೊಟ್ಟಿದ್ರೆ ಚೆನ್ನಾಗಿತ್ತು,” ಎಂದು ಆ ಅತಿಥಿ ಬರಿಗಾಲಲ್ಲೇ ಒಳಗೆ ಬಂದರು. ಎಲ್ಲರೂ ನಕ್ಕೆವು. ನಗುತ್ತಲೇ ನಾನು ಪಕ್ಕಕ್ಕೆ ತಿರುಗಿದೆ. ನಾಲ್ಕು ವರ್ಷದ ಮಗಳು ಮೇಘಾ ಅಲ್ಲಿರಲಿಲ್ಲ.

ಅವಳು ಜಗಲಿಯಲ್ಲಿದ್ದಳು. ಚಪ್ಪಲಿಗಳ ನಡುವೆ ಕೂತು ತನ್ನ ಕೆಂಪು ಸ್ಯಾಂಡಲ್ಲಿನ ಬಕಲು ಹಾಕಿಕೊಳ್ಳುತ್ತಿದ್ದಳು. ಅವಳ ತಲೆಗಿಂತ ನಾಯಿಯ ತಲೆ ದೊಡ್ಡದಾಗಿತ್ತು. ಇಲ್ಲಿ ನನ್ನ ನೆನಪು ಉತ್ಪ್ರೇಕ್ಷೆ ಮಾಡುತ್ತಿಲ್ಲ ಎಂದುಕೊಂಡಿದ್ದೇನೆ. ನಾನು ಹೆಜ್ಜೆ ಮುಂದಿಟ್ಟೆ. ಗುರುಗುಟ್ಟಿದ ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಅದು ಅವಳ ಮೇಲಲ್ಲ, ನನ್ನ ಮೇಲೆ. ಸರಪಳಿ ಕಿಣಿಗುಟ್ಟಿದ್ದೂ ಕೇಳಿಸಿತು. ಕಟ್ಟಿದೆಯಲ್ಲ, ನನ್ನ ತನಕ ಬಾರದು ಎಂದುಕೊಂಡೆ. ಆದರೆ ಮಗಳು ಸರಪಳಿಯ ಅಳತೆಯೊಳಗಿದ್ದಳು.

“ಅಲ್ಲೇ ನಿಂತ್ಕೊಳಿ. ಅವಳನ್ನ ಕರೀಬೇಡಿ,” ಎಂದರು ಹಿಂದಿನಿಂದ ಶಿವಾನಂದರು. ಅವರ ಮುಖ ಬಿಳಿಚಿಕೊಂಡಿತ್ತು.

“ಹಿ ಈಸ್ ಹೆಲ್ಪಿಂಗ್ ಮಿ, ಅಪ್ಪಾ,” ಎಂದಳು ಮೇಘಾ, ಬಕಲಿನಿಂದ ಕಣ್ಣೆತ್ತದೆ.

ಶಿವಾನಂದರು ನಿಧಾನವಾಗಿ ಹೋಗಿ ಜೂಲಿನೊಳಗೆ ಕೈಯಿಟ್ಟರು. “ಬಿಡೋ, ಅವರಪ್ಪ ಕಣೋ.” ಲಾಮಾ ನನ್ನ ಕೈ ಮೂಸಿತು. ಮಗುವಿನ ಕೂದಲು ಮೂಸಿತು. ಎರಡನ್ನೂ ತಾಳೆ ನೋಡಿದಂತೆ ತುಸು ತಡೆದು ಪಕ್ಕಕ್ಕೆ ಸರಿಯಿತು. ನನ್ನ ಮಗಳನ್ನು ನನಗೆ ಒಪ್ಪಿಸಲು ಒಂದು ನಾಯಿ ಯೋಚಿಸಿತ್ತು. ಅವಳನ್ನು ಎತ್ತಿಕೊಂಡು ಒಳಗೆ ನಡೆದೆ.

ಸರಪಳಿ ಇತ್ತು, ಅದಕ್ಕೇ ಬಚಾವಾದೆವು ಎಂದು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡೆ. ಮೊನ್ನೆ ಊಟಕ್ಕೆ ಬಂದಿದ್ದ ಶಿವಾನಂದರ ಹೆಂಡತಿ ಲಲಿತಕ್ಕನ ಮುಂದೆ ಅದನ್ನೇ ಹೇಳಿದೆ. ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

“ಸರಪಳಿ ಎಲ್ಲಿತ್ತು? ಬೆಳಿಗ್ಗೆ ಗಾಳಿಗೆ ಶಾಮಿಯಾನದ ಹಗ್ಗ ಕಿತ್ತೋಗಿತ್ತಲ್ಲ, ಇವರು ನಾಯಿ ಸರಪಳೀನೇ ಬಿಚ್ಚಿ ಕಂಬಕ್ಕೆ ಕಟ್ಟಿದ್ರು. ಅವನು ಜಾಗ ಬಿಟ್ಟು ಕದಲಲ್ಲ ಅಂತ ಗೊತ್ತಿತ್ತು. ನಿಮಗೆ ಹೇಳಿದ್ರೆ ಒಬ್ಬರಾದ್ರೂ ಊಟಕ್ಕೆ ಕೂರ್ತಿದ್ರಾ?”

ಹಾಗಾದರೆ ನಾನು ಕೇಳಿದ ಆ ಕಿಣಿಕಿಣಿ? ಒಬ್ಬರ ಮಾತಿನಿಂದ ಸಮಾಧಾನವಾಗದೆ ಪೂಜೆಯ ಫೋಟೊ ತರಿಸಿ ಭೂತಗನ್ನಡಿ ಹಿಡಿದು ನೋಡಿದೆ. ಜಗಲಿಯ ತುಂಬ ನಮ್ಮ ಚಪ್ಪಲಿಗಳು. ಅವುಗಳ ಮುಂದೆ ಅಲುಗಾಡಿ ಮಸುಕಾದ ಒಂದು ಕಪ್ಪು ರಾಶಿ, ಗಾತ್ರ ಹೇಳುವಂತಿಲ್ಲ. ಗೋಡೆಯ ಕಬ್ಬಿಣದ ಬಳೆ ಖಾಲಿ. ಸರಪಳಿ ಶಾಮಿಯಾನದ ಕಂಬದಲ್ಲಿತ್ತು.