ದೆಲ್ಫೀನಾ ಎಣ್ಣೆ ಕಾಯಿಸಿದ ಭಾನುವಾರ

ದೆಲ್ಫೀನಾ ಬೊಯೇರೊ ಆವ್ರೋರಾ ಫುಟ್‌ಬಾಲ್ ಕ್ಲಬ್ಬಿನ ಆಟಗಾರರಿಗೆ ಇಪ್ಪತ್ತೆರಡು ವರ್ಷ ಬೇಯಿಸಿ ಹಾಕಿದಳು. ಅಷ್ಟು ವರ್ಷದಲ್ಲಿ ಒಂದು ದಿನವೂ ಅವರಿಗಾಗಿ ಬಾಣಲೆಯಲ್ಲಿ ಎಣ್ಣೆ ಕಾಯಿಸಿದವಳಲ್ಲ.

ಹಾಗೆಂದು ಅವಳಿಗೆ ಕರಿಯಲು ಬರುತ್ತಿರಲಿಲ್ಲ ಎಂದಲ್ಲ. ಲಾಂಗೆ ಗುಡ್ಡಗಳ ಹಳ್ಳಿಯ ಕಡೆಯವಳು. ಅವಳ ತಾಯಿ ಸುತ್ತಲಿನ ಹಳ್ಳಿಗಳ ಮದುವೆ ಮನೆಗಳಲ್ಲಿ ಅಡುಗೆಯ ಯಜಮಾನಿಕೆ ಮಾಡುತ್ತಿದ್ದವಳು, ಬೆಣ್ಣೆಯನ್ನು ಕೈಯಳತೆಯಲ್ಲೇ ಹಾಕುತ್ತಿದ್ದವಳು. ಮಗಳು ಮದುವೆಯಾಗಿ ಟುರಿನ್‌ಗೆ ಬಂದಳು, ಕೆಲವು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿದ್ದಳು, ಆಮೇಲೆ ಕ್ಲಬ್ಬಿನ ಅಭ್ಯಾಸದ ಮೈದಾನದ ಅಡುಗೆಮನೆಗೆ ಸೇರಿಕೊಂಡಳು. ಮೊದಲ ದಿನವೇ ಅಲ್ಲಿನ ಡಾಕ್ಟರು ಅವಳ ಕೈಗೊಂದು ಹಾಳೆ ಕೊಟ್ಟರು. ಅನ್ನ, ಬೇಯಿಸಿದ ಕೋಳಿ, ಸೊಪ್ಪು, ಒಬ್ಬೊಬ್ಬರಿಗೆ ಒಂದೇ ಚಮಚ ಆಲಿವ್ ಎಣ್ಣೆ.

"ಇದು ಆಟಗಾರರಿಗೋ, ಆಸ್ಪತ್ರೆಯವರಿಗೋ?" ಎಂದು ಕೇಳಿದ್ದಳು ದೆಲ್ಫೀನಾ. ಕೇಳಿದ್ದು ಅಷ್ಟೇ. ಒಪ್ಪಿಕೊಂಡ ಮೇಲೆ ಆ ಹಾಳೆಯನ್ನು ವೇದವಾಕ್ಯದಂತೆ ಪಾಲಿಸಿದಳು. ಎಷ್ಟು ದೊಡ್ಡ ಆಟಗಾರ ಬಂದು ಗೋಗರೆದರೂ ಉಪ್ಪಿನ ಡಬ್ಬಿ ಅವಳ ಏಪ್ರನ್ನಿನ ಜೇಬಿನಲ್ಲೇ ಇರುತ್ತಿತ್ತು.

ಕಿಟಕಿಯ ಪಕ್ಕದ ಮೇಜು ಮೂವರದ್ದು. ನಾಯಕ ಕೊರ್ರಾದೊ ಫ್ರಿಯೂಲಿ ಪ್ರಾಂತ್ಯದವನು, ರಕ್ಷಣೆಯ ಸಾಲಿನ ಆಟಗಾರ, ಕ್ಲಬ್ಬಿಗೆ ಬಂದು ಹದಿನೆಂಟು ವರ್ಷ. ನಡುಮೈದಾನದ ಅನಿಯೆಲ್ಲೊ ನೇಪಲ್ಸಿನವನು, ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡಿಲ್ಲ. ಗೋಲ್‌ಕೀಪರ್ ತುಲ್ಲಿಯೊ ನಲವತ್ತು ತುಂಬಿದವನು, ಹತ್ತು ಮಾತಿಗೆ ಒಂದು ಉತ್ತರ. ಮೂವರೂ ಅವಳನ್ನು 'ಜಿಯಾ' ಎನ್ನುತ್ತಿದ್ದರು, ಚಿಕ್ಕಮ್ಮ ಎಂದಂತೆ.

ಆ ವರ್ಷ ಮೇ ತಿಂಗಳಲ್ಲಿ ಕ್ಲಬ್ಬು ಮೂವರ ಕರಾರನ್ನೂ ಮುಂದುವರಿಸುವುದಿಲ್ಲ ಎಂದು ಹೇಳಿತು. ಆ ಮಧ್ಯಾಹ್ನ ಮೂವರೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಕೇಳಿದ್ರಾ ಜಿಯಾ? ನಮ್ಮನ್ನ ಮನೆಗೆ ಅಟ್ತಾ ಇದಾರೆ," ಎಂದ ಅನಿಯೆಲ್ಲೊ.

"ಕೇಳಿದೆ. ಕೈ ತೊಳ್ಕೊಂಡ್ರಾ?"

"ಇನ್ನು ಡಾಕ್ಟರ ಹಾಳೆ ನಮಗಿಲ್ಲ. ಒಂದೇ ಒಂದು ಸಲ ಕರಿದದ್ದು ಏನಾದ್ರೂ ಹಾಕಿ. ಬೇಕಾದ್ರೆ ಮಂಡಿಯೂರಿ ಬೇಡ್ಕೊಳ್ತೀನಿ."

"ಬೇಡಪ್ಪಾ. ಆಮೇಲೆ ನಿನ್ನ ಎಬ್ಬಿಸೋಕೆ ನಾಲ್ಕು ಜನ ಬೇಕಾಗುತ್ತೆ."

ಕೊರ್ರಾದೊ ನಕ್ಕ. ತುಲ್ಲಿಯೊ ನಗಲಿಲ್ಲ. ಉಳಿದಿಬ್ಬರಿಗೆ ಆಟ ಬಿಡುವ ಹೊತ್ತು ಬಂತೆಂದು ಅವರ ಮೊಣಕಾಲುಗಳೇ ಹೇಳಿದ್ದವು. ತುಲ್ಲಿಯೊಗೆ ಇನ್ನೊಂದು ವರ್ಷ ಬೇಕಿತ್ತು. ದೆಲ್ಫೀನಾ ಅವನ ಮುಖ ನೋಡಿದಳು, ಆಮೇಲೆ ಹೇಳಿದಳು: "ಇದು ಕ್ಲಬ್ಬಿನ ಅಡುಗೆಮನೆ, ಇಲ್ಲಿ ಆಗಲ್ಲ. ಶನಿವಾರ ಕೊನೆ ಪಂದ್ಯ ಮುಗಿಸಿ. ಭಾನುವಾರ ಮಧ್ಯಾಹ್ನ ನಮ್ಮನೆಗೆ ಬನ್ನಿ, ಮೂರೂ ಜನ."

ಟ್ರಾಮಿನಲ್ಲಿ ಅರ್ಧ ದಾರಿ ಬಂದ ಮೇಲೆ ಅವಳಿಗೆ ಗಂಡನ ನೆನಪಾಯಿತು.

ಒರೆಸ್ತೆ ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಕಾರಿನ ಬಾಗಿಲು ಜೋಡಿಸಿದವನು. ಹುಟ್ಟಿದಾಗಿನಿಂದ ಊರಿನ ಇನ್ನೊಂದು ಕ್ಲಬ್ಬಿನ ಕಡೆಯವನು. ಹೆಂಡತಿ ಆವ್ರೋರಾದಲ್ಲಿ ಕೆಲಸಕ್ಕೆ ಸೇರಿದಾಗ "ಶತ್ರುಗಳಿಗೆ ಅನ್ನ ಹಾಕೋಕೆ ಹೊರಟ್ಯಾ?" ಎಂದು ಮೂರು ದಿನ ಮಾತು ಬಿಟ್ಟಿದ್ದ.

"ಮೂರೂ ಜನ? ಆ ಕೊರ್ರಾದೊ ಕೂಡ?" ಎಂದು ಕೇಳಿದ ಈಗ.

"ಅವನೂ."

"ಹಾಗಾದ್ರೆ ನಾನು ಒಳಗಿನ ಕೋಣೆಯಲ್ಲಿರ್ತೀನಿ. ನನ್ನ ತಟ್ಟೆ ಅಲ್ಲಿಗೇ ಕಳಿಸು."

"ಕಳಿಸಲ್ಲ. ಹಸಿವಾದವರು ಮೇಜಿಗೆ ಬರ್ತಾರೆ."

ಶನಿವಾರ ದೆಲ್ಫೀನಾ ಕ್ರೀಡಾಂಗಣಕ್ಕೆ ಹೋದಳು. ಕೊನೆಯ ಕಾಲು ಗಂಟೆಯಲ್ಲಿ ಮೂವರನ್ನೂ ಒಬ್ಬೊಬ್ಬರಾಗಿ ಹೊರಗೆ ಕರೆದರು, ಒಬ್ಬೊಬ್ಬನಿಗೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊರ್ರಾದೊ ಅಂಗಿ ಬಿಚ್ಚಿ ಜನರತ್ತ ಎಸೆದ. ಅನಿಯೆಲ್ಲೊ ಬೂಟುಗಳನ್ನೂ ಎಸೆದು ಬರಿಗಾಲಲ್ಲಿ ಹೋದ. ತುಲ್ಲಿಯೊ ಮಾತ್ರ ಕೈಗವಸು ಕಳಚದೆ, ತಲೆ ತಗ್ಗಿಸಿಕೊಂಡೇ ಒಳಗೆ ನಡೆದ.

ಭಾನುವಾರ ಬೆಳಗಿನ ಆರಕ್ಕೇ ಅವಳು ಹಿಟ್ಟು ಕಲಸಿದಳು. ಮನೆ ಡೋರಾ ಹೊಳೆಯ ಹತ್ತಿರ, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಹನ್ನೆರಡೂವರೆಗೆ ಕೊರ್ರಾದೊ ಮೊಣಕಾಲು ಹಿಡಿದುಕೊಂಡು ಬಾಗಿಲಲ್ಲಿ ನಿಂತ, ಹಿಂದೆ ಉಳಿದಿಬ್ಬರು.

"ಇಷ್ಟು ಮೆಟ್ಟಿಲಿದೆ ಅಂತ ಮೊದಲೇ ಹೇಳಿದ್ರೆ ಹೋದ ವರ್ಷವೇ ಆಟ ಬಿಡ್ತಿದ್ದೆ, ಜಿಯಾ!"

ಅವಳು ಒಲೆಯ ಮುಂದಿನಿಂದ ಅಲುಗಲಿಲ್ಲ. ಮಾಂಸದ ಸಾಸೇಜು, ಕುರಿಯ ಪಕ್ಕೆಲುಬು, ಕುಂಬಳದ ಹೂವು, ಸೇಬಿನ ಬಿಲ್ಲೆ, ಹಾಲಲ್ಲಿ ಬೇಯಿಸಿ ಕತ್ತರಿಸಿದ ಸಿಹಿ ರವೆಯ ತುಂಡು, ಒಂದಾದ ಮೇಲೊಂದು ಎಣ್ಣೆಗಿಳಿದವು. "ಬಿಸಿ ಇರೋವಾಗಲೇ ತಿನ್ನಿ, ಯಾರೂ ಯಾರಿಗೂ ಕಾಯಬೇಡಿ" ಎಂದು ಬೆನ್ನು ಹಾಕಿಕೊಂಡೇ ಕೂಗಿದಳು. ಅನಿಯೆಲ್ಲೊ ಮಾತು ಮರೆತು ಎರಡೂ ಕೈಯಲ್ಲಿ ತಿಂದ.

ಎರಡನೇ ಲೋಟ ವೈನಿನ ನಂತರ ಕೊರ್ರಾದೊ ಗಂಟಲು ಸರಿಮಾಡಿಕೊಂಡ. "ಜಿಯಾ, ಒಂದು ತಪ್ಪು ಒಪ್ಕೋಬೇಕು. ಕ್ಲಬ್ಬಲ್ಲಿ ನಿಮ್ಮ ಮೂಲೆ ಕಪಾಟಲ್ಲಿ ಹಿಟ್ಟಿನ ಡಬ್ಬದ ಹಿಂದೆ ಬಿಸ್ಕತ್ತು ಇರ್ತಿತ್ತಲ್ಲ, ಹದಿನೈದು ವರ್ಷ ಅದನ್ನ ಕದ್ದು ತಿಂದವನು ನಾನೇ."

"ಗೊತ್ತು. ಪ್ರತಿ ಸೋಮವಾರ ಅಲ್ಲಿ ಇಡ್ತಿದ್ದದ್ದು ಯಾರು ಅಂದ್ಕೊಂಡೆ? ಡಾಕ್ಟರಿಗೆ ಹೇಳೇ ಮಾಡ್ತಿದ್ದೆ. ಸಕ್ಕರೆ ಇಲ್ಲದ್ದು."

"ಸಕ್ಕರೆ ಇರ್ಲಿಲ್ವಾ?" ನಾಯಕನ ಮುಖ ಯಾವ ಸೋಲಿನಲ್ಲೂ ಅಷ್ಟು ಇಳಿದಿರಲಿಲ್ಲ.

"ಕದ್ದದ್ದಲ್ವಾ, ಅದಕ್ಕೇ ಸಿಹಿಯಾಗಿತ್ತು ಬಿಡು," ಎಂದು ಅನಿಯೆಲ್ಲೊ ಅವನ ಬೆನ್ನು ತಟ್ಟಿದ.

ತುಲ್ಲಿಯೊನ ತಟ್ಟೆ ಮಾತ್ರ ಹಾಕಿದ ಹಾಗೇ ಇತ್ತು. ದೆಲ್ಫೀನಾ ಒಲೆ ಸಣ್ಣಗೆ ಮಾಡಿ ಬಂದು ಅವನ ಪಕ್ಕ ಕೂತಳು.

"ಏನೋ, ನನ್ನ ಅಡುಗೆ ಸೇರಲ್ವಾ?"

"ಅದಲ್ಲ ಜಿಯಾ." ಅವನು ಫೋರ್ಕಿನಿಂದ ಸಾಸೇಜನ್ನು ಆ ಕಡೆ ಈ ಕಡೆ ಉರುಳಿಸಿದ. "ಹದಿನೇಳು ವರ್ಷ ಗೋಲಲ್ಲಿ ನಿಂತೆ. ಜನಕ್ಕೆ ನೆನಪಿರೋದು ಆ ಒಂದು ಫೈನಲ್ಲು, ಆ ಒಂದು ಕೈಜಾರಿದ ಚೆಂಡು. ನಿನ್ನೆ ಚಪ್ಪಾಳೆ ತಟ್ಟಿದವರ ಕಣ್ಣಲ್ಲೂ ಅದೇ ಕಾಣ್ತಿತ್ತು."

ಆಗ ಒಳಗಿನ ಕೋಣೆಯ ಬಾಗಿಲು ತೆರೆಯಿತು. ಒರೆಸ್ತೆ ಬಂದ, ಕುರ್ಚಿ ಎಳೆದುಕೊಂಡು ನೇರ ತುಲ್ಲಿಯೊನ ಎದುರು ಕೂತ.

"ಯಾರು ಹಾಗಂದದ್ದು? ಮಾರ್ಚ್ ತಿಂಗಳು, ಮಳೆ, ಎಂಬತ್ತೆಂಟನೇ ನಿಮಿಷ. ನಮ್ಮವನು ತಲೆಯಲ್ಲಿ ಹೊಡೆದ ಚೆಂಡು ಒಳಗೆ ಹೋಗೇಬಿಟ್ಟಿತ್ತು. ನಾನೆದ್ದು ಪಕ್ಕದವನನ್ನ ತಬ್ಬಿಕೊಂಡು ಮುತ್ತು ಕೊಟ್ಟಿದ್ದೆ. ಅವನ ಪರಿಚಯ ಕೂಡ ಇರ್ಲಿಲ್ಲ! ನೋಡಿದ್ರೆ ನೀನು ಎಲ್ಲಿಂದಲೋ ಹಾರಿ ಬಂದು ಒಂದೇ ಕೈಯಲ್ಲಿ ಎತ್ತಿ ಹೊರಗೆ ಹಾಕಿದ್ದೆ. ಅದರ ಮುಂದಿನ ವರ್ಷ ಪೆನಾಲ್ಟಿ. ಅದರ ಮುಂದಿನ ವರ್ಷ ಎರಡು. ನನ್ನ ಎಷ್ಟು ಭಾನುವಾರ ಹಾಳು ಮಾಡಿದ್ದೀಯ ಗೊತ್ತಾ ನಿಂಗೆ? ಊಟ ಸೇರದೆ ಮಲಗಿದ್ದೀನಿ, ಇವಳನ್ನೇ ಕೇಳು."

"ನಿಜ," ಎಂದಳು ದೆಲ್ಫೀನಾ.

"ಆ ಫೈನಲ್ಲು..." ಎಂದ ತುಲ್ಲಿಯೊ.

"ನಿಮ್ಮ ಫೈನಲ್ಲನ್ನ ನಾನ್ಯಾಕಯ್ಯಾ ನೋಡ್ಲಿ? ನಂಗೆ ಗೊತ್ತಿರೋದು ನೀನು ಹಿಡಿದದ್ದು. ಆ ಮಳೆ ದಿನದ್ದು, ಎಡಗೈಯಲ್ಲಿ ತಡೆದದ್ದು..."

"ಬಲಗೈ."

"ಎಡಗೈ! ನಾನು ಆ ಗೋಲಿನ ಹಿಂದೆಯೇ ಕೂತಿದ್ದೆ."

"ಕೈ ನಂದು ಕಣ್ರೀ!"

ಉಪ್ಪಿನ ಡಬ್ಬಿ ಗೋಲಿನ ಒಂದು ಕಂಬವಾಯಿತು, ವೈನಿನ ಬಾಟಲಿ ಇನ್ನೊಂದು. ತುಲ್ಲಿಯೊ ಕುರ್ಚಿಯಿಂದೆದ್ದು ಹೇಗೆ ಹಾರಿದೆ ಎಂದು ತೋರಿಸಿದ. ಒರೆಸ್ತೆ ಒಪ್ಪಲಿಲ್ಲ, ತಾನೇ ಎದ್ದು ತೋರಿಸಿದ. ವಾದದ ನಡುವೆ ತುಲ್ಲಿಯೊನ ಕೈ ತನಗೆ ತಾನೇ ತಟ್ಟೆಗೆ ಹೋಗಿ ಬರತೊಡಗಿತ್ತು. ದೆಲ್ಫೀನಾ ಸದ್ದಿಲ್ಲದೆ ಎದ್ದು ಮತ್ತೆ ಒಲೆ ಜೋರು ಮಾಡಿದಳು. ಐದನೇ ಸಾಸೇಜು ಮುಗಿದಾಗ ಅವನು ಸಿಹಿ ರವೆ ಇನ್ನೂ ಇದೆಯಾ ಎಂದು ಕೇಳಿದ. ಕೊರ್ರಾದೊ ಕೈ ಕುಲುಕಲು ಮುಂದಾದಾಗ ಮಾತ್ರ ಒರೆಸ್ತೆ ಮುಖ ತಿರುಗಿಸಿದ. "ನಿನ್ನ ಜೊತೆ ಮಾತಿಲ್ಲ. ನಮ್ಮ ಮೇಲೆ ನೀನು ಹೊಡೆದ ಆ ಹೆಡ್ಡರು ಆಫ್‌ಸೈಡು." ಆದರೆ ಅವನ ಲೋಟಕ್ಕೆ ವೈನು ಬಗ್ಗಿಸಿದ.

ಆಮೇಲೆ ಅನಿಯೆಲ್ಲೊ ನೇಪಲ್ಸಿಗೆ ಹೋಗಿ ಅಣ್ಣನ ಮೀನಿನ ಅಂಗಡಿಯಲ್ಲಿ ಕೂತ, ಅಲ್ಲಿ ಅವನ ಮಾತಿಗೇ ಜನ ಸೇರುತ್ತಾರಂತೆ. ಕೊರ್ರಾದೊ ಕ್ಲಬ್ಬಿನಲ್ಲೇ ಎಳೆಯರಿಗೆ ಆಟ ಕಲಿಸಲು ಉಳಿದ. ತುಲ್ಲಿಯೊ ಸಮುದ್ರದಂಚಿನ ಒಂದು ಸಣ್ಣ ಕ್ಲಬ್ಬಿಗೆ ಹೋಗಿ, ಮೂರನೇ ದರ್ಜೆಯಲ್ಲಿ ಆ ವರ್ಷವೆಲ್ಲ ಆಡಿದ. ಮುಗಿದಾಗ ಸಾಕೆನಿಸಿ ತಾನಾಗಿಯೇ ಬಿಟ್ಟು ಟುರಿನ್‌ಗೆ ಮರಳಿದ. ಅಷ್ಟರಲ್ಲಿ ದೆಲ್ಫೀನಾ ಕೂಡ ಡಾಕ್ಟರ ಹಾಳೆಯನ್ನು ಹೊಸ ಅಡುಗೆಯವಳಿಗೆ ಒಪ್ಪಿಸಿ ಬಂದಿದ್ದಳು.

ಅವನು ಮರಳಿದ ವರ್ಷದ ಅಕ್ಟೋಬರಿನಲ್ಲಿ ಒರೆಸ್ತೆ ತುಲ್ಲಿಯೊನನ್ನು ತನ್ನ ಕ್ಲಬ್ಬಿನ ಪಂದ್ಯಕ್ಕೆ ಕರೆದುಕೊಂಡು ಹೋದ. ಯಾರಿಗೂ ಗುರುತು ಸಿಗದಂತೆ ಟೊಪ್ಪಿ ಹುಬ್ಬಿನವರೆಗೆ ಎಳೆದು, ಮಫ್ಲರು ಮೂಗಿನವರೆಗೆ ಸುತ್ತಿ ಕೂರಿಸಿದ್ದ. ಅಕ್ಕಪಕ್ಕದವರು ಯಾರಿವನು ಎಂದು ಕೇಳಿದರು.

"ನನ್ನ ಅಕ್ಕನ ಮಗ," ಎಂದ ಒರೆಸ್ತೆ. "ಪಾಪ, ಫುಟ್‌ಬಾಲ್ ಅಂದ್ರೆ ಏನೂ ಗೊತ್ತಿಲ್ಲ."

ಇಬ್ಬರೂ ಮನೆಗೆ ಬಂದಾಗ ಕೂಗಿ ಕೂಗಿ ಇಬ್ಬರ ಗಂಟಲೂ ಕಟ್ಟಿತ್ತು. ದೆಲ್ಫೀನಾ ಸೂಪು ಬಿಸಿಗಿಟ್ಟು, ಯಾರು ಗೆದ್ದರು ಎಂದು ಕೇಳಿದಳು.