ದೊಡ್ಡಪ್ಪನ ಮನೆಯಲ್ಲಿದ್ದ ಪಾಲುಪಟ್ಟಿ

ಅಪ್ಪ ಮತ್ತು ದೊಡ್ಡಪ್ಪ ಬೇರೆಯಾದಾಗ ಪಾಲುಪಟ್ಟಿ ಬರೆಸಿದ್ದು ಒಂದೇ ಪ್ರತಿ. ಅದನ್ನು ಹಿರಿಯನ ಮನೆಯಲ್ಲಿಡುವುದು ನಮ್ಮವರ ಪದ್ಧತಿ. ಇನ್ನೊಂದು ಪ್ರತಿ ಕೇಳಿದರೆ ಅಣ್ಣನನ್ನು ನಂಬಲಿಲ್ಲವೆಂದಾಗುತ್ತದೆ, ಅದಕ್ಕೇ ಅಪ್ಪ ಕೇಳಲಿಲ್ಲ. ಅಪ್ಪ ತೀರಿಕೊಂಡ ಮರುವರ್ಷ ದೊಡ್ಡಪ್ಪ, ಪಾಲೇ ಆಗಿಲ್ಲ, ಸಾರಥಿ ಊರಿನಲ್ಲಿ ಅಪ್ಪನ ಪಾಲಿಗೆ ಬಂದಿದ್ದ ಎರಡು ಎಕರೆಯೂ ತನ್ನದೇ ಎಂದರು. "ಕೂಳಿಗೆ ಕಮ್ಮಿ ಮಾಡ್ತೀವೇನು? ಬಂದು ನಮ್ಮನ್ಯಾಗ ಬಿದ್ದಿರ್ಲಿ," ಎಂದು ಹರಿಹರದಲ್ಲಿದ್ದ ಅವ್ವನಿಗೆ ಹೇಳಿ ಕಳಿಸಿದರು. ಅವ್ವ ದಾವೆ ಹೂಡಿದಳು.

ಆ ಪತ್ರವನ್ನು ಹಾಜರುಪಡಿಸಲು ದೊಡ್ಡಪ್ಪನಿಗೆ ಆಜ್ಞೆ ಮಾಡಬೇಕೆಂದು ನಮ್ಮ ವಕೀಲರು ದಾವಣಗೆರೆ ಕೋರ್ಟಿನಲ್ಲಿ ಅರ್ಜಿ ಹಾಕಿದರು. ಅಂಥ ಪತ್ರವೇ ಇಲ್ಲವೆಂದು ದೊಡ್ಡಪ್ಪ ಪ್ರಮಾಣ ಮಾಡಿ ಬರೆದುಕೊಟ್ಟರು. ಪಾಲುಪಟ್ಟಿಗೆ ಸಾಕ್ಷಿ ಹಾಕಿದವರು ತೀರಿಹೋಗಿದ್ದರು. ನಮ್ಮ ಕಡೆ ಅದನ್ನು ಕಂಡವಳೆಂದು ಉಳಿದವಳು ನಾನೊಬ್ಬಳೇ. ದೀಪಾವಳಿಗೆ ಅವರ ಮನೆಯಲ್ಲಿ ಪತ್ರಗಳನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚುತ್ತಿದ್ದರು. ಒಮ್ಮೆ, ಶಾಲೆ ಕಲಿತವಳೆಂದು, ಪಾಲುಪಟ್ಟಿಯನ್ನು ನನ್ನಿಂದ ಓದಿಸಿದ್ದರು.

ಕಟಕಟೆ ಹತ್ತಿ ಪ್ರಮಾಣ ಮಾಡಿದೆ. ಅವರ ವಕೀಲರು, "ಏನವ್ವ, ಹೋಳಿಗಿ ತಿನ್ನಾಕ ಹೋದಾಕಿ ಪತ್ರ ಓದಿದ್ಯಾ? ಹಂಗಾರ ಹೊಲದ ನಾಲ್ಕೂ ಎಲ್ಲೆ ಹೇಳು, ಕೇಳಾಣ," ಎಂದರು. ಹಿಂದಿನ ಬೆಂಚಿನಲ್ಲಿ ದೊಡ್ಡಪ್ಪನ ಮಕ್ಕಳು ನಕ್ಕರು.

ಆ ಹೊಲಕ್ಕೆ ನಾನು ಕಾಲಿಟ್ಟವಳಲ್ಲ. ಓದಿದ ನೆನಪಿನಿಂದ ಒಂದೊಂದೇ ಹೇಳಿದೆ. ಪೂರ್ವಕ್ಕೆ ಬಂಡಿದಾರಿ. ಪಶ್ಚಿಮಕ್ಕೆ ಹುಣಸೆಮರದ ಬದು. ದಕ್ಷಿಣಕ್ಕೆ ಗೌಡರ ಹೊಲ. ಉತ್ತರಕ್ಕೆ ಹಳ್ಳ.

"ಸುಳ್ಳು!" ದೊಡ್ಡಪ್ಪ ಎದ್ದು ನಿಂತಿದ್ದರು. "ಹಳ್ಳ ಐತೆ ದಕ್ಷಿಣಕ್ಕೆ! ಪತ್ರದಾಗ ಹಂಗ ಎಲ್ಲೈತೆ? ನಾನೇ ಎದುರಿಗೆ ಕುಂತು ಬರ್ಸೀನಿ!"

ಅವರ ವಕೀಲರು ಅವರ ತೋಳು ಹಿಡಿದೆಳೆದರು. ನ್ಯಾಯಾಧೀಶರು ತಲೆಯೆತ್ತಿ, "ಯಾವ ಪತ್ರದಲ್ಲಿ?" ಎಂದು ಕೇಳಿದರು.

ಹದಿನೈದು ದಿನದೊಳಗೆ ಹಾಜರುಪಡಿಸಬೇಕೆಂದು ಆಜ್ಞೆಯಾಯಿತು. ಪತ್ರ ಬಂತು. ಹಳ್ಳ ದಕ್ಷಿಣಕ್ಕೇ ಇತ್ತು. ಹೊಲ ಅವ್ವನಿಗೆ ಉಳಿಯಿತು.

ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ದೊಡ್ಡಪ್ಪ ನನ್ನ ದಾರಿಗೆ ಅಡ್ಡ ನಿಂತರು. "ಬೇಕಂತ್ಲೇ ತಪ್ಪು ಹೇಳಿ ನನ್ನ ಬಾಯಿ ಬಿಡಿಸಿದಿ. ಇನ್ನ ನಮ್ಮ ಹೊಸ್ತಿಲು ತುಳೀಬ್ಯಾಡ."

ಅವ್ವನೂ ಹಾಗೆಯೇ ತಿಳಿದಿದ್ದಳು. ನನ್ನ ಜಾಣತನವನ್ನು ಓಣಿಯಲ್ಲೆಲ್ಲ ಹೊಗಳುತ್ತಿದ್ದಳು. ನಾನು ಬೇಕೆಂದು ಹೇಳಿರಲಿಲ್ಲ. ಪ್ರಮಾಣ ಮಾಡಿ, ನಿಜವೆಂದೇ ನಂಬಿ ತಪ್ಪು ಹೇಳಿದ್ದೆ. ಹೀಗೆಂದಾಗ ಅವ್ವ ನನ್ನ ಮುಖ ನೋಡಿದಳು.

"ಇರ್ಲಿ ಬಿಡು," ಎಂದಳು. "ಯಾರ ಮುಂದೂ ಅನ್ನಬ್ಯಾಡ."