ಜುಸಬನ ನಾಲಗೆ

ಕಛ್‌ನ ಧಮಡ್ಕಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಜುಸಬ್ ಖತ್ರಿಯ ಕೈಗಿಂತ ಅವನ ನಾಲಗೆಗೇ ಹೆಚ್ಚು ಹೆಸರು. ನೆಲದಲ್ಲಿ ಹೂತ ನೀಲಿಯ ಬಾನಿಗೆ ದಿನಾ ಬೆಳಿಗ್ಗೆ ಬೆರಳದ್ದಿ ಚಪ್ಪರಿಸುತ್ತಿದ್ದ. ಹುಳಿ ಅನ್ನಿಸಿದರೆ ಒಂದು ಹಿಡಿ ಸುಣ್ಣ. ನಾಲಗೆ ಚುರುಗುಟ್ಟಿದರೆ ಸುಣ್ಣ ಸಾಕೆಂದು ಸುಮ್ಮನಿರುವುದು. ನೀಲಿಯನ್ನು ಕರಗಿಸುವ ಹುದುಗು ಬದುಕುವುದು ಇವೆರಡರ ನಡುವೆ. ಅಪ್ಪ ಬಿಟ್ಟುಹೋದ ಆ ಬಾನಿ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸತ್ತಿರಲಿಲ್ಲ. ಹೆಂಗಸರು ಅದರ ಹತ್ತಿರ ಸುಳಿಯಬಾರದೆಂದು ಅಪ್ಪನ ಕಟ್ಟಪ್ಪಣೆ. ಜುಸಬನೂ ಹೆಂಡತಿ ಜೇನಾಬಾಯಿಯನ್ನು ದೂರವೇ ಇಟ್ಟಿದ್ದ.

ಈ ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅವನ ರುಚಿ, ವಾಸನೆ ಎರಡನ್ನೂ ಹೊತ್ತುಕೊಂಡು ಹೋಯಿತು. ಬಾಯಿಗೆ ಬೆಲ್ಲವೂ ಒಂದೇ, ಬೂದಿಯೂ ಒಂದೇ. ಹೇಳಿಕೊಂಡರೆ ಮರ್ಯಾದೆ ಎಲ್ಲಿ ಉಳಿಯಿತು? ಪುಣ್ಯಾತ್ಮ ಎಂದಿನಂತೆ ಬೆರಳು ನೆಕ್ಕಿ, ತಲೆದೂಗಿ, ಅಂದಾಜಿನ ಮೇಲೆ ಸುಣ್ಣ ಸುರಿದ. ಎರಡನೆಯ ದಿನ ಜೇನಾಬಾಯಿ ಬಾಗಿಲಲ್ಲಿ ನಿಂತು, “ರೀ, ಆ ಸುಣ್ಣ...” ಎಂದಳು. “ಆಚೆ ಹೋಗು,” ಎಂದು ಗದರಿದ.

ಅದ್ದಿದ ಬಟ್ಟೆ ನೀಲಿಯಾಗದೆ ಮಾಸಲು ಬೂದಿಯಾಗಿ ಎದ್ದಿತು. ಹುಳಿ ಏರಿದೆ ಎಂದುಕೊಂಡು ಮತ್ತೊಂದು ಹಿಡಿ ಹಾಕಿದ. ಬಾನಿಗೆ ಜೀವವಿದೆ ಎಂದು ಸಾರುವ ತಾಮ್ರಬಣ್ಣದ ನೊರೆ ಮಾಯವಾಯಿತು. ನೀಲಿ ಮಾರಿದವನಿಗೆ ಬಾಯಿತುಂಬ ಶಾಪ ಹಾಕಿದ.

ಇಪ್ಪತ್ತನೆಯ ದಿನ ಮಧ್ಯಾಹ್ನ ಜೇನಾಬಾಯಿ ಖಿಚಡಿ ಬಡಿಸಿದಳು.

“ಹೇಗಿದೆ?”

“ಚೆನ್ನಾಗಿದೆ.”

“ಉಪ್ಪೇ ಹಾಕಿಲ್ಲ ಕಣ್ರೀ. ನಿನ್ನೆನೂ ಹಾಕಿರ್ಲಿಲ್ಲ.”

“ನನ್ನನ್ನೇ ಪರೀಕ್ಷೆ ಮಾಡ್ತೀಯಾ?” ಎಂದು ತಟ್ಟೆ ತಳ್ಳಿ ಕೂಗಾಡಿದ. ಆಮೇಲೆ ಗೋಡೆಗೊರಗಿ ಕುಸಿದು, “ಅಪ್ಪನ ಬಾನಿ ಕೊಂದ್ಬಿಟ್ಟೆ ಜೇನಾ,” ಎಂದು ಅತ್ತ.

ಅವಳು ಅರಿಸಿನ ಹಚ್ಚಿದ ಬಟ್ಟೆಚೂರು ತಂದಳು. ಮಾವನ ಅಪ್ಪಣೆ ಮುರಿದು ಬಾನಿಯ ಪಕ್ಕದಲ್ಲೇ ಕುಳಿತು, ಮೇಲಿನ ತಿಳಿನೀರನ್ನು ಅದರ ಮೇಲೆ ತೊಟ್ಟಿಕ್ಕಿಸಿದಳು. ಹಳದಿ ಕಡುಗೆಂಪಾಯಿತು.

“ಹುಳಿಯಾಗಿದ್ರೆ ಹಳದಿ ಹಳದಿಯಾಗೇ ಇರ್ತಿತ್ತು. ಇದು ಸುಣ್ಣದ ಕೆಂಪು. ತಿನ್ಸಿ ತಿನ್ಸಿ ಹುದುಗಿನ ಹೊಟ್ಟೆ ಸುಟ್ಟಿದ್ದೀರಿ.”

ಖರ್ಜೂರ ಕಿವುಚಿದ ನೀರು ಹೊಯ್ದರು. ಅದನ್ನು ಉಂಡು ಹುದುಗು ಎದ್ದರೆ ಹುಳಿ ತಾನೇ ಹುಟ್ಟಿ ಸುಣ್ಣದ ಸೊಕ್ಕು ಮುರಿಯುತ್ತದೆ. ಏಳದಿದ್ದರೆ ಬಾನಿಯನ್ನು ಚೆಲ್ಲಬೇಕು. ಮೂರು ದಿನ ಮುಚ್ಚಿಟ್ಟರು. ನಾಲ್ಕನೆಯ ಬೆಳಿಗ್ಗೆ ಬೆರಳದ್ದಿ ಬಾಯಿಗೆ ಒಯ್ದ ಜುಸಬ್ ಅಲ್ಲೇ ತಡೆದ.

“ನೀನು ನೋಡು,” ಎಂದ, ಅವಳ ಮುಖ ನೋಡದೆ.

ಅವಳು ತನ್ನ ಬೆರಳು ಅದ್ದಿ ನೆಕ್ಕಿ ಉಗುಳಿದಳು. “ಇನ್ನೂ ಚುಚ್ತಿದೆ. ಹೋದ ವಾರದಷ್ಟಿಲ್ಲ.”

“ಹೋದ ವಾರ ಯಾವಾಗ ನೋಡ್ದೆ?”

“ನೀವು ನಮಾಜಿಗೆ ಹೋದಾಗ. ದಿನಾ ನೋಡ್ತೀನಿ, ಮದುವೆಯಾದಾಗಿಂದ.”

ಜುಸಬ್ ಅವಳ ಕಡೆ ತಿರುಗಿದ. “ಮತ್ತೆ ಇಷ್ಟು ದಿನ ಬಾಯಿ ಬಿಡೋಕೇನಾಗಿತ್ತು?”

“ಬಿಟ್ಟಿದ್ದೆನಲ್ಲ, ಎರಡನೇ ದಿನಾನೇ.”

ಅವನಿಗೆ ನೆನಪಾಯಿತು. ಸುಣ್ಣದ ಗಡಿಗೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿ, ನೊರೆ ಏಳುತ್ತದೋ ಎಂದು ಬಾನಿ ನೋಡುತ್ತ ಕುಳಿತ.